ಶಂಕರ್‌ನಾಗ್: ‘ಗೀತಾ’ ಹಾಡುಗಳ ಬೆನ್ನು ಹತ್ತಿ

ನವೆಂಬರ್ 1 ರಾಜ್ಯೋತ್ಸವ, ನವೆಂಬರ್ 9 ಶಂಕರ್‌ನಾಗ್ ಹುಟ್ಟಿದ ದಿನ. ಈ ಎರಡು ತಾರೀಖು ಹತ್ತಿರ ಬಂದ್ವು ಅಂದ್ರೆ ನಮ್ಮ ಕನ್ನಡ ಸಂಘದಲ್ಲಿ ವರ್ಷಾ ಒಂದೇ ಜಗಳ: ವೇದಿಕೆ ಮ್ಯಾಲೆ ಯಾವ ಹಾಡು ಹಾಡಬೇಕು? ಒಂದು ಗುಂಪು ಭಾವಗೀತೆ, ಜಾನಪದ, ತತ್ವಪದ ಬಿಟ್ಟು ಬೇರೆ ಬೇಡ ಅಂತದ. ಇನ್ನೊಂದು ಗುಂಪಿಗೆ ಗಿಟಾರು, ಡ್ರಮ್ಸು ಬೇಕು. ಗಿಟಾರು ಬಂದ್ರೆ ಅದು ಕನ್ನಡ ಕಾರ್ಯಕ್ರಮ ಹ್ಯಾಂಗಾಗ್ತದ ಅನ್ನೋದು ಮೊದಲ ಗುಂಪಿನ ಪ್ರಶ್ನೆ. ಈ ಜಗಳದಲ್ಲಿ ಎರಡೂ ಕಡೆಯವರು ಬಾಯಿ ಮುಚ್ಚಿ ತಲೆ ಅಲ್ಲಾಡಿಸೋ ಹಾಡುಗಳು ಕೆಲವೇ ಕೆಲವು. ಅವುಗಳಲ್ಲಿ ಮೊದಲ ಸಾಲಿನಲ್ಲಿ ನಿಲ್ಲೋದು 1981ರ ‘ಗೀತಾ’ ಚಿತ್ರದ ಹಾಡುಗಳು. ನಾವ್ಯಾರೂ ಆಗ ಹುಟ್ಟಿರಲಿಲ್ಲ. ನಮ್ಮಲ್ಲಿ ಹಲವರ ತಂದೆ ತಾಯಿಗಳೇ ಆಗ ಶಾಲೆಗೆ ಹೋಗೋ ಮಕ್ಕಳು. ಆದರೂ ಈ ಹಾಡು ಹಚ್ಚಿದರೆ ಸೇಡಂನ ಹುಡುಗನಿಗೂ ಗೊತ್ತು, ವಾಡಿ ಹುಡುಗಿಗೂ ಗೊತ್ತು.

ಈ ಸಲ ಬರೀ ಹಾಡಿ ಬಿಡೋದು ಬೇಡ, ಈ ಹಾಡುಗಳ ಹಿಂದೆ ಇದ್ದ ಮನುಷ್ಯನ ಬದುಕನ್ನೇ ಒಮ್ಮೆ ನೋಡೋಣ ಅಂತ ಕೂತೆವು. ಶಂಕರ್‌ನಾಗ್ ಬಗ್ಗೆ ಬರೆದವರು ಬಹಳ ಮಂದಿ. ಆಟೋ ಹಿಂದಿನ ಫೋಟೋ, ಮಾಲ್ಗುಡಿ, ಕರಾಟೆ, ಕಾರ್ ಅಪಘಾತ, ಇಷ್ಟು ಎಲ್ಲರಿಗೂ ಗೊತ್ತು. ಅವರ ಕಿವಿಯ ಬಗ್ಗೆ ಮಾತ್ರ ಜಾಸ್ತಿ ಯಾರೂ ಮಾತಾಡಿದ್ದು ನಾವು ಕೇಳಿಲ್ಲ. ಶಂಕ್ರಣ್ಣ ಒಂದು ಸ್ವರವನ್ನೂ ಹಾಕಿದವರಲ್ಲ. ಆದರೆ ಯಾರ ಕೈಲಿ ಏನು ಹಾಕಿಸಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಮುಂದೆ ಆ ಸ್ವರಗಳನ್ನ ಹಿಡಿಯೋ ಯಂತ್ರವೇ ನಮ್ಮ ನೆಲದಲ್ಲಿ ಇರಬೇಕು ಅಂತ ಹಟ ಹಿಡಿದರು. ಎಂಜಿನಿಯರಿಂಗ್ ಓದೋ ನಮಗೆ ಈ ಎರಡನೇ ಮಾತು ಮೊದಲನೇದಕ್ಕಿಂತ ಹತ್ತಿರದ್ದು.

ಹುಟ್ಟಿದ್ದು 1954ರಲ್ಲಿ, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಸೀಮೆಯಲ್ಲಿ. ಪೂರ್ತಿ ಹೆಸರು ಶಂಕರ ನಾಗರಕಟ್ಟೆ. ಮನೆಮಾತು ಕೊಂಕಣಿ, ಊರ ಮಾತು ಕನ್ನಡ, ಸುತ್ತಲಿನ ಸೀಮೆ ಯಕ್ಷಗಾನದ್ದು. ಅಣ್ಣ ಅನಂತ್‌ನಾಗ್ ಆರು ವರ್ಷ ದೊಡ್ಡವರು. ಓದಿನ ನೆಪದಲ್ಲಿ ಮುಂಬೈ ಸೇರಿದ ಮೇಲೆ ಶಂಕರ್‌ಗೆ ಸಿಕ್ಕಿದ್ದು ಮರಾಠಿ ರಂಗಭೂಮಿ. ಎಪ್ಪತ್ತರ ದಶಕದ ಮುಂಬೈ ನಾಟಕ ಲೋಕ ಅಂದ್ರೆ ಸಣ್ಣದಲ್ಲ. ಮರಾಠಿ, ಗುಜರಾತಿ, ಹಿಂದಿ, ಇಂಗ್ಲಿಷ್ ಎಲ್ಲಾ ಒಂದೇ ಊರಿನಲ್ಲಿ ನಡೀತಿದ್ದವು. ಅಲ್ಲೇ ಪರಿಚಯ ಆದವರು ಅರುಂಧತಿ ರಾವ್, ಹಲವು ಭಾಷೆಯ ನಾಟಕಗಳಲ್ಲಿ ಆಗಲೇ ಹೆಸರು ಮಾಡುತ್ತಿದ್ದ ನಟಿ. ಮುಂದೆ ಇಬ್ಬರೂ ಮದುವೆಯಾದರು. 1979ರಲ್ಲಿ ಬಂದ ‘22 ಜೂನ್ 1897’ ಎಂಬ ಮರಾಠಿ ಚಿತ್ರಕ್ಕೆ, ಪುಣೆಯ ಚಾಪೇಕರ್ ಸಹೋದರರ ಕಥೆಗೆ, ಚಿತ್ರಕಥೆ ಬರೆದವರಲ್ಲಿ ಶಂಕರ್ ಕೂಡ ಒಬ್ಬರು. ಅಂದ್ರೆ ಕನ್ನಡದ ಹೀರೋ ಆಗೋ ಹೊತ್ತಿಗೇ ಈ ಮನುಷ್ಯ ಕೊಂಕಣಿಯಲ್ಲಿ ಉಂಡು, ಕನ್ನಡದಲ್ಲಿ ಬೆಳೆದು, ಮರಾಠಿಯಲ್ಲಿ ಕೆಲಸ ಕಲಿತಿದ್ದ. ಬೇರೆ ಬೇರೆ ಧಾಟಿಗಳನ್ನ ಒಂದೇ ಉಸಿರಲ್ಲಿ ಕೇಳೋದು ಅವರಿಗೆ ಹೊಸದೇನಲ್ಲ.

ಕನ್ನಡಕ್ಕೆ ಎಳೆದು ತಂದದ್ದು ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’, 1978. ಮಧ್ಯಯುಗದ ಕರ್ನಾಟಕದ ಒಬ್ಬ ಕೂಲಿ ಸೈನಿಕನ ಪಾತ್ರ. ಜಪಾನಿನ ಕುರೊಸಾವಾ ಚಿತ್ರಗಳ ಗಾಳಿ ಅದಕ್ಕೆ ಬಡಿದಿತ್ತು. ಸಂಗೀತ ಪುಣೆಯ ಭಾಸ್ಕರ್ ಚಂದಾವರ್ಕರ್ ಅವರದು. ಮೊದಲ ಕನ್ನಡ ಚಿತ್ರಕ್ಕೇ 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಆಮೇಲೆ ‘ಸೀತಾರಾಮು’, ಅದಾದ ಮೇಲೆ 1980ರ ‘ಆಟೋರಾಜ’. ರಾಜನ್-ನಾಗೇಂದ್ರ ಸಂಗೀತದ ಆ ಚಿತ್ರದಿಂದಲೇ ಆಟೋ ಚಾಲಕರು ಇವರನ್ನ ತಮ್ಮವನನ್ನಾಗಿ ಮಾಡಿಕೊಂಡದ್ದು. ನಮ್ಮ ಕಡೆ ಶಹಾಬಾದಿನ ಆಟೋ ಸ್ಟ್ಯಾಂಡಿನಲ್ಲೂ ಆ ಕರಿ ಕನ್ನಡಕದ ಫೋಟೋ ನೋಡ್ಬಹುದು. ಅದೇ ವರ್ಷ ‘ಮಿಂಚಿನ ಓಟ’ದೊಂದಿಗೆ ಕನ್ನಡದಲ್ಲಿ ನಿರ್ದೇಶಕರಾದರು. ಕಾರು ಕದಿಯೋರ ಕಥೆ, ಅಣ್ಣ ತಮ್ಮ ಇಬ್ಬರೂ ಇದ್ದರು. ಇಪ್ಪತ್ತಾರು ತುಂಬೋ ವಯಸ್ಸು. ನಾವು ಆ ವಯಸ್ಸಿಗೆ ಬ್ಯಾಕ್‌ಲಾಗ್ ಮುಗಿಸಿದ್ದರೆ ಸಾಕು.

1981ರಲ್ಲಿ ‘ಗೀತಾ’. ಕಥೆಯ ಬಗ್ಗೆ ನೇರವಾಗಿ ಹೇಳಿಬಿಡ್ತೀವಿ: ಅದೇನು ಹೊಸದಲ್ಲ. ಹಾಡುಗಾರ ಹುಡುಗ, ಅವನು ಪ್ರೀತಿಸೋ ಹುಡುಗಿ, ಹುಡುಗಿಗೆ ವಾಸಿಯಾಗದ ಕಾಯಿಲೆ. ಅಮೆರಿಕದ ‘ಲವ್ ಸ್ಟೋರಿ’, ಹಿಂದಿಯ ‘ಆನಂದ್’ ಬಂದು ಹತ್ತು ವರ್ಷ ಆಗಿತ್ತು. ಸಾವು ಬಾಗಿಲಲ್ಲಿ ನಿಂತಿರೋ ಪ್ರೇಮಕಥೆಗಳ ಕಾಲ ಅದು. ನಾಯಕಿಯಾಗಿ ಬಂದವರು ಅರುಂಧತಿಯವರ ತಂಗಿ ಪದ್ಮಾವತಿ ರಾವ್, ತೆರೆಯ ಮೇಲೆ ಅಕ್ಷತಾ ರಾವ್. ಚಿತ್ರ ನೋಡುವಾಗ ಈಗ ಕೆಲವು ಕಡೆ ನಗು ಬರ್ತದ, ಕೆಲವು ಕಡೆ ಎಳೆದಂಗ ಅನಿಸ್ತದ. ಆದರೆ ಕಥೆ ಹಾಡುಗಾರನದು ಆದ್ದರಿಂದ ಒಂದು ಅನುಕೂಲ ಆಯ್ತು. ಹಾಡಿಗೆ ನೆಪ ಹುಡುಕಬೇಕಿರಲಿಲ್ಲ. ವೇದಿಕೆ ಮೇಲೆ ಕುಣಿಯೋ ಹಾಡು ಬೇಕು, ಇಬ್ಬರೇ ಇರುವಾಗಿನ ಹಾಡು ಬೇಕು, ಒಳಗೆ ಒಡೆದು ಹೋದಾಗಿನ ಹಾಡು ಬೇಕು. ಮೂರಕ್ಕೂ ಬೇರೆ ಬೇರೆ ಸಂಗೀತ ಬೇಕು.

ಅದನ್ನ ಕೊಟ್ಟವರು ಇಳಯರಾಜಾ. ಅವರ ವಿಷಯ ಸ್ವಲ್ಪ ಹಿಂದಕ್ಕೆ ಹೋಗಿ ಹೇಳಬೇಕು. 1976ರಲ್ಲಿ ತಮಿಳಿನ ‘ಅನ್ನಕ್ಕಿಳಿ’ಯಿಂದ ಸಂಗೀತ ನಿರ್ದೇಶಕ ಆಗೋ ಮುಂಚೆ ಇಳಯರಾಜಾ ಹಲವು ವರ್ಷ ದುಡಿದದ್ದು ನಮ್ಮ ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ, ಸಹಾಯಕರಾಗಿ. ವೆಂಕಟೇಶ್ ಅಂದ್ರೆ ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’, ‘ಮಯೂರ’ ಸಂಗೀತ ಕೊಟ್ಟವರು. ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರ ದನಿಯನ್ನೂ ಒಂದೇ ಚಿತ್ರದಲ್ಲಿ ಕೇಳಿಸಿದವರು, ‘ಸನಾದಿ ಅಪ್ಪಣ್ಣ’ನಿಗೆ ಬಿಸ್ಮಿಲ್ಲಾ ಖಾನರ ಶಹನಾಯಿ ತಂದವರು, ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜ್‌ಕುಮಾರರಿಂದ ಇಂಗ್ಲಿಷ್ ಹಾಡು ಹಾಡಿಸಿದವರು. ಹುಟ್ಟಿದ್ದು ಹೈದರಾಬಾದಿನಲ್ಲಿ, ಮನೆಮಾತು ತೆಲುಗು. ಇಂಥವರ ಪಕ್ಕದಲ್ಲಿ ಗಿಟಾರ್ ಹಿಡಿದು ಕೂತು, ಇನ್ನೊಂದು ಕಡೆ ಮದ್ರಾಸಿನ ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತು, ಅದರ ಕೆಳಗೆ ಪಣ್ಣೈಪುರಂ ಎಂಬ ಹಳ್ಳಿಯ ಜಾನಪದವನ್ನ ಇಟ್ಟುಕೊಂಡು ಬಂದವರು ಇಳಯರಾಜಾ. ಹಾಗಾಗಿ ‘ಗೀತಾ’ದ ಸಂಗೀತ ಹೊರಗಿನಿಂದ ತಂದದ್ದು ಅಂತ ಯಾರಾದ್ರೂ ಅಂದ್ರೆ ನಾವು ಒಪ್ಪಲ್ಲ. ಅದರ ಅರ್ಧ ಬೇರು ಕನ್ನಡ ಹಾಡಿನ ಕೋಣೆಯಲ್ಲೇ ಇತ್ತು.

ಶಂಕರ್ ಒಂದು ವರ್ಷ ಮೊದಲೇ ‘ಜನ್ಮ ಜನ್ಮದ ಅನುಬಂಧ’ದಲ್ಲಿ ಇಳಯರಾಜಾ ಜೊತೆ ಕೆಲಸ ಮಾಡಿದ್ದರು. ‘ಗೀತಾ’ಕ್ಕೆ ಬರುವಾಗ ಇಬ್ಬರಿಗೂ ಪರಸ್ಪರ ಅಂದಾಜು ಸಿಕ್ಕಿತ್ತು.

ಈಗ ಹಾಡಿಗೆ ಬರೋಣ. ‘ಸಂತೋಷಕ್ಕೆ’ ಹಾಡನ್ನ ಕೇಳದ ಕನ್ನಡಿಗ ಇಲ್ಲ, ಆದರೆ ಇಯರ್‌ಫೋನ್ ಹಾಕಿ ಕೂತು ಕೇಳಿದವರು ಕಡಿಮೆ. ಅದು ಡಿಸ್ಕೋದ ಕಾಲ. 1977ರಲ್ಲಿ ‘ಸ್ಯಾಟರ್ಡೇ ನೈಟ್ ಫೀವರ್’, 1980ರಲ್ಲಿ ಹಿಂದಿಯ ‘ಕುರ್ಬಾನಿ’ ಬಂದು ದೇಶವೆಲ್ಲಾ ಆ ತಾಳಕ್ಕೆ ಕುಣೀತಿತ್ತು. ಬಹಳ ಮಂದಿ ಆ ತಾಳವನ್ನ ಇದ್ದಕ್ಕಿದ್ದಂಗ ತಂದು, ಮೇಲೆ ನಮ್ಮ ಮಾತು ಅಂಟಿಸಿದರು. ಇಲ್ಲಿ ಹಾಗಾಗಿಲ್ಲ. ಡ್ರಮ್ಸ್, ಗಿಟಾರ್, ಹಿತ್ತಾಳೆ ವಾದ್ಯಗಳ ಅಬ್ಬರ ಎಲ್ಲಾ ಇದೆ. ಆದರೆ ಎಸ್‌ಪಿಬಿ ದನಿ ಆ ಅಬ್ಬರದ ಮೇಲೆ ಸವಾರಿ ಮಾಡೋದು ಕನ್ನಡದ ಮಾತಿನ ಏರಿಳಿತದಲ್ಲೇ. ಪದಗಳನ್ನ ತಾಳಕ್ಕಾಗಿ ಮುರಿದಿಲ್ಲ, ತಾಳವೇ ಪದಕ್ಕೆ ಬಗ್ಗಿದೆ. ಚಿ. ಉದಯಶಂಕರ್ ಅಂಥ ಸರಳ ಪದ ಬರೆಯೋ ಸಾಹಿತಿ ಸಿಕ್ಕಿದ್ದು ಈ ಹಾಡಿನ ಪುಣ್ಯ. ದೊಡ್ಡ ಸಂಸ್ಕೃತ ಪದ ಹಾಕಿದ್ದರೆ ಅದು ಎರಡನೇ ಸಾಲಿಗೇ ಕುಸಿದು ಬೀಳ್ತಿತ್ತು.

‘ಜೊತೆಯಲಿ’ ಇನ್ನೊಂದು ಜಾತಿ. ಮಳೆಗಾಲ ಮುಗಿದ ಮೇಲೆ ಚಿಂಚೋಳಿ ದಾಟಿ ಚಂದ್ರಂಪಳ್ಳಿ ಡ್ಯಾಮಿನ ಕಡೆ ಹೋದಾಗ ನಾವು ಇದನ್ನ ತಿರುತಿರುಗಿ ಹಚ್ಚಿದ್ದೆವು. ಬಿಸಿಲ ನಾಡು ಅಂತ ಎಲ್ಲರೂ ಕರೆಯೋ ನಮ್ಮ ಜಿಲ್ಲೆಯಲ್ಲಿ ಅಷ್ಟು ದಟ್ಟ ಕಾಡು, ನೀರು, ಗುಡ್ಡ ಇರೋದು ಹೊರಗಿನವರಿಗೆ ಗೊತ್ತೇ ಇಲ್ಲ. ಆ ಜಾಗಕ್ಕೆ ಆ ಹಾಡು ಒಪ್ತದ. ಮೊದಲ ಸಲ ಕೇಳಿದಾಗ ಎಸ್‌ಪಿಬಿ, ಎಸ್. ಜಾನಕಿ ಮಾತ್ರ ಕೇಳಿಸ್ತಾರೆ. ಎರಡನೇ ಸಲ ವಯೊಲಿನ್‌ಗಳ ಗುಂಪು. ಮೂರನೇ ಸಲ, ಒಳ್ಳೆ ಸ್ಪೀಕರ್ ಇದ್ದರೆ, ಕೆಳಗೆ ಹರಿಯೋ ಬೇಸ್ ಗಿಟಾರ್. ಸಾಮಾನ್ಯವಾಗಿ ಬೇಸ್ ಗಿಟಾರ್ ಕೆಲಸ ತಾಳದ ಜೊತೆ ಒಂದೆರಡು ಸ್ವರ ಹಿಡಿದು ನಿಲ್ಲೋದು, ಕಟ್ಟಡದ ಪಾಯ ಇದ್ದಂಗ. ಇಳಯರಾಜಾ ಬೇಸ್ ಹಾಗೆ ನಿಲ್ಲಲ್ಲ. ಅದು ತನ್ನದೇ ಒಂದು ಹಾಡು ಹಾಡ್ಕೊಂಡು ನಡೀತದ. ಮೇಲೆ ಒಂದು ಹಾಡು, ನಡುವೆ ವಯೊಲಿನ್‌ನ ಇನ್ನೊಂದು ಹಾಡು, ಕೆಳಗೆ ಮತ್ತೊಂದು. ಮೂರೂ ಬೇರೆ, ಆದರೆ ಎಲ್ಲೂ ಢಿಕ್ಕಿ ಇಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೆ ಕೌಂಟರ್‌ಪಾಯಿಂಟ್ ಅಂತ ಹೆಸರು, ಬಾಖ್ ಕಾಲದ ಕಲೆ. ನಮ್ಮ ಸಂಗೀತ ಮಾತ್ರ ಒಂದೇ ಎಳೆಯನ್ನ ಹಿಡಿದು ಆಳಕ್ಕೆ ಇಳಿಯೋ ಸಂಗೀತ. ಈ ಎರಡು ವ್ಯವಸ್ಥೆಗಳು ಸುಲಭಕ್ಕೆ ಕೂಡುವಂಥವಲ್ಲ. ‘ಜೊತೆಯಲಿ’ಯಲ್ಲಿ ಕೂಡಿವೆ. ಹಾಡೋ ಎಳೆ ನಮ್ಮದಾಗಿಯೇ ಉಳಿದಿದೆ, ಅದರ ಸುತ್ತಲಿನ ಮನೆಯನ್ನ ಬೇರೆ ರೀತಿ ಕಟ್ಟಿದ್ದಾರೆ.

‘ಕೇಳದೆ ನಿಮಗೀಗ’ ನಿಧಾನದ್ದು. ಇದನ್ನ ವಿವರಿಸೋಕೆ ಹೋದರೆ ಕೆಡ್ತದ. ‘ನನ್ನ ಜೀವ ನೀನು’ ದುಃಖದ್ದು, ನಮ್ಮಲ್ಲಿ ಅರ್ಧ ಮಂದಿಗೆ ಇದೇ ಎಲ್ಲಕ್ಕಿಂತ ಮೇಲು. ಉಳಿದ ಅರ್ಧಕ್ಕೆ ಸಿನಿಮಾದ ಕಣ್ಣೀರು ಇಲ್ಲಿ ಜಾಸ್ತಿ ಆಯ್ತು. ಈ ವಾದ ಬಗೆಹರಿದಿಲ್ಲ.

ಹಾಸ್ಟೆಲ್‌ನಲ್ಲಿ ರಾಕ್ ಕೇಳೋ ಗೆಳೆಯರು ನಮಗೆ ಒಂದು ಆಲ್ಬಮ್ ತೋರಿಸ್ತಾರೆ: ಬ್ರಿಟನ್ನಿನ ಕ್ವೀನ್ ತಂಡದ ‘ಎ ನೈಟ್ ಅಟ್ ದಿ ಆಪೆರಾ’, 1975. ಒಂದೇ ತಟ್ಟೆಯಲ್ಲಿ ಗಡಸು ರಾಕ್, ಆಪೆರಾ, ಹಳೇ ನಾಟಕಶಾಲೆಯ ತಮಾಷೆ ಹಾಡು, ಜಾನಪದದ ಧಾಟಿ ಎಲ್ಲಾ ಇರೋದರಿಂದ ಅದು ಜಗತ್ತಿನಾದ್ಯಂತ ಹೆಸರಾಯ್ತು. ಅದರ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಮನೆಯ ಹುಡುಗ, ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ. ಅದಕ್ಕೂ ಮುಂಚೆ 1967ರಲ್ಲಿ ಬೀಟಲ್ಸ್ ತಂಡ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್‌ನಲ್ಲಿ ಸಿತಾರು, ತಬಲಾ, ಬ್ಯಾಂಡ್‌ಸೆಟ್ಟು ಎಲ್ಲಾ ಒಟ್ಟಿಗೆ ತಂದಿತ್ತು. ಅವನ್ನ ಕೇಳಿ ನಾವೂ ತಲೆದೂಗಿದ್ದೇವೆ. ಆದರೆ ಒಂದು ವ್ಯತ್ಯಾಸ ಹೇಳಲೇಬೇಕು. ಕ್ವೀನ್ ಆಲ್ಬಮ್‌ನಲ್ಲಿ ಒಂದು ಶೈಲಿಯಿಂದ ಇನ್ನೊಂದಕ್ಕೆ ಜಿಗಿಯೋದು ಗೊತ್ತಾಗ್ತದ, ಗೊತ್ತಾಗಲಿ ಅಂತಲೇ ಮಾಡಿದ್ದು. ಅದರ ಮಜಾನೇ ಅದು. ‘ಗೀತಾ’ದಲ್ಲಿ ಜಿಗಿತ ಕಾಣಲ್ಲ. ನಮ್ಮ ಕಡೆ ಪುಂಡಿಪಲ್ಯ ಇದ್ದಂಗ: ಹುಳಿ ಸೊಪ್ಪು, ತೊಗರಿಬೇಳೆ, ನುಚ್ಚು, ಬೆಳ್ಳುಳ್ಳಿ ಒಗ್ಗರಣೆ ಎಲ್ಲಾ ಇರ್ತದ, ರೊಟ್ಟಿ ಮುರಿದು ಬಾಯಿಗಿಟ್ಟವನು ಯಾವುದು ಎಲ್ಲಿಂದ ಬಂತು ಅಂತ ಕೇಳಲ್ಲ.

ಹಾಗೆ ನೋಡಿದ್ರೆ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ನಮಗೆ ಕಲಬೆರಕೆ ಅನ್ನೋ ಪದವೇ ಬೈಗುಳ ಅಲ್ಲ. ಒಂದು ಕಡೆ ತೆಲಂಗಾಣದ ಗಡಿ, ತೆಲುಗು ಹಾಡು. ಒಂದು ಕಡೆ ಕಲಬುರಗಿ ಬಂದೇನವಾಜ್ ದರ್ಗಾದ ಕವ್ವಾಲಿ. ತಾಂಡಾಗಳಲ್ಲಿ ಲಂಬಾಣಿ ಹಾಡು, ಮಠಗಳಲ್ಲಿ ತತ್ವಪದ, ವಾಡಿ ಜಂಕ್ಷನ್ನಿನಲ್ಲಿ ರೈಲು ಇಳಿದವರ ಮೊಬೈಲಿನಲ್ಲಿ ಭೋಜಪುರಿ. ಇಂಥ ಊರುಗಳಿಂದ ಬಂದು ನಾವೇ ಶುದ್ಧ ಕನ್ನಡ ಹಾಡು ಯಾವುದು ಅಂತ ಜಗಳ ಮಾಡೋದು ನಗೆಪಾಟಲು. ‘ಜೊತೆಯಲಿ’ ಹಾಡಿನ ಹಿಂದಿರೋರನ್ನ ಎಣಿಸಿ ನೋಡ್ರಿ. ನಿರ್ದೇಶಕರ ಮನೆಮಾತು ಕೊಂಕಣಿ, ಸಂಗೀತ ನಿರ್ದೇಶಕರದು ತಮಿಳು, ಹಾಡಿದ ಇಬ್ಬರದೂ ತೆಲುಗು, ಬರೆದವರು ಮಾತ್ರ ಕನ್ನಡದ ಸಾಹಿತಿ. ಹೊರಗೆ ಬಂದದ್ದು ಅಪ್ಪಟ ಕನ್ನಡ ಹಾಡು.

ಆದರೆ ಈ ಮಾತಿಗೆ ಇನ್ನೊಂದು ಮುಖ ಇದೆ, ಶಂಕರ್‌ನಾಗ್ ಅದನ್ನೂ ನೋಡಿದರು. ಆ ಕಾಲದಲ್ಲಿ ಕನ್ನಡ ಚಿತ್ರಗೀತೆಗಳ ಬಹುಪಾಲು ರೆಕಾರ್ಡ್ ಆಗ್ತಿದ್ದದ್ದು ಮದ್ರಾಸಿನಲ್ಲಿ. ವಾದ್ಯಗಾರರು ಅಲ್ಲಿ, ಹಾಡುವವರು ಅಲ್ಲಿ, ಯಂತ್ರಗಳು ಅಲ್ಲಿ, ಅವನ್ನ ನಡೆಸೋ ಸೌಂಡ್ ಎಂಜಿನಿಯರ್‌ಗಳೂ ಅಲ್ಲಿ. ಬೆಂಗಳೂರಿನ ನಿರ್ಮಾಪಕ ಒಂದು ಹಾಡಿಗೆ ರೈಲು ಹತ್ತಬೇಕು, ಸ್ಟುಡಿಯೋ ಸಿಗೋ ತನಕ ಲಾಡ್ಜ್‌ನಲ್ಲಿ ಕಾಯಬೇಕು. ರೆಕಾರ್ಡಿಂಗ್ ಅಂದ್ರೆ ಈಗಿನಂಗ ಒಬ್ಬೊಬ್ಬರೇ ಬಂದು ಹಾಡಿ ಹೋಗೋದಲ್ಲ, ಬೇಕಾದಷ್ಟು ಟ್ರ್ಯಾಕ್ ಇಟ್ಟು ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಸರಿ ಮಾಡೋದಲ್ಲ. ದೊಡ್ಡ ಹಾಲ್‌ನಲ್ಲಿ ವಾದ್ಯಗಾರರೆಲ್ಲಾ ಕೂಡಿ ಕೂತು ನುಡಿಸಬೇಕು, ಗಾಯಕರು ಮೈಕ್ ಮುಂದೆ ನಿಲ್ಲಬೇಕು. ಯಾರೋ ಒಬ್ಬರ ವಯೊಲಿನ್ ಒಂದು ಕಡೆ ಜಾರಿತು ಅಂದ್ರೆ ಮತ್ತೆ ಮೊದಲಿನಿಂದ. ಇಂಥ ಕಡೆ ಅನುಭವ ಅನ್ನೋದು ಕೋಣೆಯ ಗೋಡೆಗೇ ಅಂಟಿರ್ತದ. ಆ ಅನುಭವ ಪೂರ್ತಿ ಬೇರೆ ಊರಲ್ಲಿ ಕೂಡಿಟ್ಟರೆ ನಮ್ಮೂರ ಹುಡುಗರಿಗೆ ಕಲಿಯೋ ಜಾಗವೇ ಇರಲ್ಲ.

ಇದು ನಮಗೆ ಅರ್ಥ ಆಗೋ ಸಂಗತಿ. ಶಹಾಬಾದಿನ ಕಲ್ಲು ದೇಶದ ಎಷ್ಟೋ ಮನೆಗಳ ನೆಲದಲ್ಲಿ ಅದ. ಸೇಡಂ, ವಾಡಿಯ ಸಿಮೆಂಟು ಎಲ್ಲೆಲ್ಲೋ ಸೇತುವೆ ಆಗ್ಯಾದ. ಆ ಸೇತುವೆ ಲೆಕ್ಕ ಹಾಕೋ ಕೆಲಸ ಬೇಕು ಅಂದ್ರೆ ಮಾತ್ರ ನಾವು ಬೆಂಗಳೂರು, ಹೈದರಾಬಾದ್, ಪುಣೆ ಬಸ್ ಹತ್ತಬೇಕು.

ಶಂಕರ್ ದಂಪತಿಗಳು ಮತ್ತು ಅನಂತ್‌ನಾಗ್ ಸೇರಿ ಬೆಂಗಳೂರಿನಲ್ಲಿ ‘ಸಂಕೇತ್’ ಹೆಸರಿನ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದರು. ಅದೇ ಹೆಸರಲ್ಲಿ ನಾಟಕ ತಂಡವೂ ಇತ್ತು. ದಿನವಿಡೀ ಶೂಟಿಂಗ್, ರಾತ್ರಿ ನಾಟಕದ ತಾಲೀಮು, ನಡುವೆ ಸ್ಟುಡಿಯೋ ಕೆಲಸ. ನಟನಾಗಿ ಮಾಡಿದ ಚಿತ್ರಗಳು 80ಕ್ಕೂ ಹೆಚ್ಚು. ಅದೂ ಹನ್ನೆರಡೇ ವರ್ಷದಲ್ಲಿ. ಅದರಲ್ಲಿ ಬಹಳಷ್ಟು ಇವತ್ತು ನೋಡೋಕೆ ಆಗಲ್ಲ, ಇದು ನಮ್ಮ ಪ್ರಾಮಾಣಿಕ ಅಭಿಪ್ರಾಯ. ಹೊಡೆದಾಟ, ಮತ್ತೆ ಹೊಡೆದಾಟ. ಅಭಿಮಾನಿಗಳು ಬೈದುಕೊಳ್ಳಲಿ. ಆದರೆ ಸ್ಟುಡಿಯೋ ಕಟ್ಟಬೇಕು, ನಾಟಕ ಆಡಿಸಬೇಕು, ತನಗೆ ಬೇಕಾದ ಸಿನಿಮಾ ಮಾಡಬೇಕು ಅಂದ್ರೆ ರೊಕ್ಕ ಮೇಲಿನಿಂದ ಉದುರಲ್ಲ. ಬ್ಯಾಂಡ್ ಕಟ್ಟೋಕೆ ಟ್ಯೂಷನ್ ಹೇಳೋ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ಲೆಕ್ಕ ಬೇಗ ಹೊಳೀತದ.

ಸ್ಟುಡಿಯೋ ಒಂದೇ ಅಲ್ಲ. ನಂದಿ ಬೆಟ್ಟಕ್ಕೆ ರೋಪ್‌ವೇ, ಬೆಂಗಳೂರಿಗೆ ಮೆಟ್ರೋ, ಬಡವರಿಗೆ ಕಡಿಮೆ ಖರ್ಚಿನ, ಬೇಗ ಎದ್ದು ನಿಲ್ಲೋ ಮನೆಗಳು, ಇವೆಲ್ಲಾ ಶಂಕರ್‌ನಾಗ್ ತಲೆಯಲ್ಲಿ ಓಡುತ್ತಿದ್ದ ಯೋಜನೆಗಳು. ಬೆಂಗಳೂರಿಗೆ ಮೆಟ್ರೋ ಬಂದದ್ದು 2011ರ ಅಕ್ಟೋಬರ್‌ನಲ್ಲಿ, ಅವರು ಹೋಗಿ ಇಪ್ಪತ್ತೊಂದು ವರ್ಷ ಆದ ಮೇಲೆ. ಸಿನಿಮಾ ನಟನಿಗೆ ಇದೆಲ್ಲಾ ಯಾಕೆ ಬೇಕಿತ್ತು ಅಂತ ಕೇಳಬಹುದು. ನಮಗೆ ಅನಿಸೋದು, ‘ಗೀತಾ’ದ ಹಾಡು ಮಾಡಿಸಿದ್ದೂ ರೋಪ್‌ವೇ ಕನಸು ಕಂಡದ್ದೂ ಒಂದೇ ಸ್ವಭಾವ. ಎಲ್ಲೋ ಒಳ್ಳೇದು ಕಂಡರೆ ಅದು ನಮ್ಮ ಭಾಷೆಯಲ್ಲಿ, ನಮ್ಮ ಊರಲ್ಲಿ ಯಾಕಿಲ್ಲ ಅಂತ ಆ ಮನುಷ್ಯನಿಗೆ ನಿದ್ದೆ ಬರ್ತಿರಲಿಲ್ಲ. ತಂದರೆ ಹಂಗೇ ತರೋದಲ್ಲ, ನಮಗೆ ಒಪ್ಪುವಂಗ ತರಬೇಕು.

1985ರ ‘ಆಕ್ಸಿಡೆಂಟ್’ನಲ್ಲಿ ಮತ್ತೆ ಇಳಯರಾಜಾ. ಕುಡಿದ ಅಮಲಿನಲ್ಲಿ ಫುಟ್‌ಪಾತ್ ಮೇಲೆ ಮಲಗಿದವರ ಮೇಲೆ ಕಾರು ಹತ್ತಿಸೋ ರಾಜಕಾರಣಿ ಮಗನ ಕಥೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ ಆರ್.ಕೆ. ನಾರಾಯಣ್ ಕಥೆಗಳ ‘ಮಾಲ್ಗುಡಿ ಡೇಸ್’, ಆಗುಂಬೆಯಲ್ಲಿ ಚಿತ್ರೀಕರಣ. ದೂರದರ್ಶನದಲ್ಲಿ ಅದು ಬಂದಾಗ ಇಡೀ ದೇಶ ಒಂದು ರಾಗ ಗುನುಗಿತು. ಮಾತಿಲ್ಲದ ಆ ಗುನುಗು ಎಲ್. ವೈದ್ಯನಾಥನ್ ಅವರದು. ಇವರೂ ಜಿ.ಕೆ. ವೆಂಕಟೇಶ್ ಹತ್ತಿರ ಸಹಾಯಕರಾಗಿದ್ದವರೇ. ಇವರ ತಮ್ಮ, ಪಿಟೀಲುಗಾರ ಎಲ್. ಶಂಕರ್, ಎಪ್ಪತ್ತರ ದಶಕದಲ್ಲಿ ಗಿಟಾರ್‌ನ ಜಾನ್ ಮೆಕ್‌ಲಾಫ್ಲಿನ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಜೊತೆ ‘ಶಕ್ತಿ’ ತಂಡದಲ್ಲಿ ನುಡಿಸಿದವರು. ಜಾಝ್ ಮತ್ತು ಕರ್ನಾಟಕ ಸಂಗೀತ ಒಂದೇ ಚಾಪೆ ಮೇಲೆ ಕೂತ ತಂಡ ಅದು. ಮಾಲ್ಗುಡಿಯ ರಾಗ ಅಷ್ಟು ಸರಳ ಕೇಳಿಸ್ತದ. ಆದರೆ ಹಿಂದೆ ಇದ್ದವರ ಮನೆಯ ತಾಲೀಮು ಎಷ್ಟು ದೊಡ್ಡದು ನೋಡ್ರಿ. 1987ರಲ್ಲಿ ರಾಜ್‌ಕುಮಾರ್ ಅವರನ್ನ ಹಾಕಿಕೊಂಡು ಮಾಡಿದ ‘ಒಂದು ಮುತ್ತಿನ ಕಥೆ’ಗೂ ವೈದ್ಯನಾಥನ್ನರದೇ ಸಂಗೀತ. ನೀರಿನೊಳಗೆ ಕ್ಯಾಮೆರಾ ಇಳಿಸಿ ತೆಗೆದ ಚಿತ್ರ. ಅಲ್ಲೂ ಅದೇ ಹಟ, ಹೊಸ ಯಂತ್ರ ಏನು ಮಾಡಬಲ್ಲದು ನೋಡೇ ಬಿಡೋಣ ಅನ್ನೋದು.

1990ರ ಸೆಪ್ಟೆಂಬರ್ 30. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆ ಬಾಗಲಕೋಟೆ ಸೀಮೆಯ ಲೋಕಾಪುರದ ಕಡೆ ಹೊರಟಿದ್ದರು. ಕಾರಿನಲ್ಲಿ ಅರುಂಧತಿ, ಪುಟ್ಟ ಮಗಳು ಕಾವ್ಯ ಇದ್ದರು. ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತ. ಹೆಂಡತಿ, ಮಗಳು ಉಳಿದರು. ಶಂಕರ್‌ನಾಗ್ ಉಳಿಯಲಿಲ್ಲ. ಮೂವತ್ತಾರು ತುಂಬೋಕೆ ಇನ್ನೂ ನಲವತ್ತು ದಿನ ಇತ್ತು. ಯಕ್ಷಗಾನದ ಸೀಮೆಯಿಂದ ಮುಂಬೈಗೆ ಹೋಗಿ, ಬೆಂಗಳೂರಿಗೆ ಬಂದು, ಕಡೆಗೆ ಉತ್ತರ ಕರ್ನಾಟಕದ ಜಾನಪದದ ನಾಟಕದ ಕಡೆ ಮುಖ ಮಾಡಿದ ಹೊತ್ತು ಅದು. ಕಂಬಾರರ ಆ ನಾಟಕದಲ್ಲಿ ನಮ್ಮ ಸೀಮೆಯ ಬಯಲಾಟದ ಧಾಟಿ ತುಂಬಿದೆ. ಅದಕ್ಕೆ ಯಾವ ಸಂಗೀತ ಹಾಕಿಸ್ತಿದ್ದರೋ, ಯಾವ ಹಲಗೆ ಜೊತೆ ಯಾವ ವಾದ್ಯ ಕೂಡಿಸ್ತಿದ್ದರೋ, ನಮ್ಮ ಕಡೆಯ ಹಾಡು ಶಂಕರ್‌ನಾಗ್ ಕಿವಿಗೆ ಬಿದ್ದಿದ್ದರೆ ಏನಾಗ್ತಿತ್ತೋ. ಈ ಬರಹಕ್ಕೆ ಕೂತಾಗಿನಿಂದ ನಮಗೆ ಹೆಚ್ಚು ಕಾಡಿದ್ದು ಇದೇ.

ಸ್ಟುಡಿಯೋ, ನಾಟಕ, ಅರ್ಧಕ್ಕೆ ನಿಂತ ಕೆಲಸ ಎಲ್ಲದರ ಭಾರ ಅರುಂಧತಿ ನಾಗ್ ಮೇಲೆ ಬಿತ್ತು. ಅವರು ಬಹಳ ವರ್ಷ ದುಡಿದು, ಊರೆಲ್ಲಾ ಕೈಜೋಡಿಸಿ, 2004ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗ ಶಂಕರ’ ತೆರೆದರು. ಅಲ್ಲಿ ಕನ್ನಡ ಮಾತ್ರ ಅಲ್ಲ, ಯಾವ ಭಾಷೆಯ ನಾಟಕವಾದರೂ ನಡೀತದ.

ಇತ್ತ ‘ಗೀತಾ’ದ ಹಾಡುಗಳು ತಮ್ಮ ದಾರಿ ಹಿಡಿದವು. ‘ಜೊತೆಯಲಿ’ಯ ರಾಗವನ್ನ ಇಳಯರಾಜಾ 1984ರ ತಮಿಳಿನ ‘ನೂರಾವದು ನಾಳ್’ ಚಿತ್ರಕ್ಕೆ ಮತ್ತೆ ಬಳಸಿದರು. ಆಮೇಲೆ 2007ರಲ್ಲಿ ಅಮಿತಾಭ್ ಬಚ್ಚನ್, ತಬು ನಟಿಸಿದ ಹಿಂದಿಯ ‘ಚೀನಿ ಕಮ್’ನಲ್ಲಿ ಅದು ಶ್ರೇಯಾ ಘೋಷಾಲ್ ದನಿಯಲ್ಲಿ ಬಂತು. ನಮ್ಮ ಹಾಸ್ಟೆಲ್‌ನಲ್ಲಿ ಉತ್ತರದ ಕಡೆಯ ಹುಡುಗರಿಗೆ ಅದು ಬಚ್ಚನ್ ಸಿನಿಮಾದ ಹಾಡು. ಕನ್ನಡದ ಮೂಲ ಹಚ್ಚಿ ಕೇಳಿಸಿದರೆ ಮೊದಲು ನಂಬಲಿಲ್ಲ, ಇಸವಿ ತೋರಿಸಿದ ಮೇಲೆ ಇನ್ನೊಮ್ಮೆ ಹಚ್ಚಿಸಿದರು. ಬೇಸ್ ಗಿಟಾರ್ ಬಾರಿಸೋ ಒಬ್ಬ ಮೂರನೇ ಸಲವೂ ಕೇಳಿ, ಈಗ ಆ ಕೆಳಗಿನ ಎಳೆಯನ್ನ ಕಲೀತಾ ಇದ್ದಾನೆ.